ಕಂಬಳಿಯೊಳಗಿನ ಹುತುತು

ನನಗೆ ಗಡಿಯಾರದ ಸದ್ದಿಗೆ ನಿದ್ದೆ ಹತ್ತುತ್ತದೆ, ಮನುಷ್ಯರ ಉಸಿರಿನ ಸದ್ದಿಗೆ ಎಚ್ಚರವಾಗುತ್ತದೆ. ಬಸ್ಸಿನಲ್ಲಿ ಪಕ್ಕದವರ ಎದೆ ಸ್ವಲ್ಪ ಗೊರಗುಟ್ಟಿದರೂ ಸಾಕು, ಊರು ಬರುವವರೆಗೆ ಅವರನ್ನೇ ನೋಡುತ್ತ ಕೂತಿರುತ್ತೇನೆ. ಮಂದಿ ತಪ್ಪು ತಿಳಿಯುತ್ತಾರೆ. ತಿಳಿಯಲಿ ಬಿಡಿ, ನನ್ನ ಹೆದರಿಕೆ ನನಗೆ.

ಬೈಲಹೊಂಗಲದ ಬಜಾರದಲ್ಲಿ ನಮ್ಮ ಮನೆಯ ಮುಂದಿನ ಖೋಲಿಯೇ ಅಂಗಡಿ. ಗಡಿಯಾರ, ರೇಡಿಯೋ ರಿಪೇರಿ. ಅಪ್ಪ ಆ ಅಂಗಡಿಯ ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡ. ದಮ್ಮಿನ ಕಾಯಿಲೆ ಇತ್ತು. ಅವತ್ತು ಎದುರಿಗೆ ಗಿರಾಕಿ ಇದ್ದ; ಗಿರಾಕಿಯ ಮುಂದೆ ಏದುಸಿರು ಬಿಟ್ಟರೆ ಅಂಗಡಿಯ ಮರ್ಯಾದೆ ಹೋಗುತ್ತದೆಂದು ಅಪ್ಪ ಬಾಯಿ ಮುಚ್ಚಿಕೊಂಡು, ಬಿಚ್ಚಿದ ಗಡಿಯಾರದ ಮೇಲೆ ಬಾಗಿದ. ಬಾಗಿದವ ಏಳಲಿಲ್ಲ. ಮಾಲಕರು ಭಾಳ ಲಕ್ಷ್ಯಗೊಟ್ಟು ಕೆಲಸ ಮಾಡುತ್ತಿದ್ದಾರೆಂದು ತಿಳಿದ ಗಿರಾಕಿ ಎಷ್ಟೋ ಹೊತ್ತು ಸುಮ್ಮನೆ ಕಾದ. ಒಳಗಿನ ಖೋಲಿಯಲ್ಲಿ ನಾನು ಸಾಲೆಯ ಪಾಠ ಓದುತ್ತಿದ್ದೆ. ನಡುವೆ ಇದ್ದದ್ದು ಒಂದು ಪರದೆ ಅಷ್ಟೆ. ನನಗೂ ಏನೂ ಕೇಳಿಸಲಿಲ್ಲ.

ಅಣ್ಣನಿಗೆ ಅಪ್ಪನ ಅಂಗಡಿಯೂ ಬಂತು, ಕಾಯಿಲೆಯೂ ಬಂತು. ಅಂಗಡಿಗೆ ಬೋರ್ಡು ಹಾಕಿಸಿದ, ಕಾಯಿಲೆಯನ್ನು ಮುಚ್ಚಿಟ್ಟ. ನಮ್ಮ ಮನೆಯಲ್ಲಿ ದಮ್ಮು ಎಂಬ ಮಾತನ್ನು ಯಾರೂ ಆಡುವಂತಿರಲಿಲ್ಲ. ಅದು ನೆಗಡಿ. ವರ್ಷವಿಡೀ ನೆಗಡಿ. ರಾಮದುರ್ಗದಿಂದ ಒಂದು ಹೆಣ್ಣಿನ ಮಾತು ಬಂದಮೇಲಂತೂ ಅವ್ವ, ಅಣ್ಣ ಇಬ್ಬರೂ ಕೆಮ್ಮಿಗೂ ಬೆದರತೊಡಗಿದರು.

ನಾನು ಟಿ.ಸಿ.ಎಚ್. ಮುಗಿಸಿ ಸಾಲೆಯ ನೌಕರಿಯ ಆರ್ಡರಿಗೆ ಕಾಯುತ್ತಿದ್ದೆ. ಹೇಳಿಕೊಳ್ಳಲು ಅದು ಕೆಲಸ. ನಿಜವಾದ ಕೆಲಸವೆಂದರೆ ಪರದೆಯ ಈಚೆ ಕೂತು ಅಣ್ಣನ ಉಸಿರನ್ನು ಕೇಳುವುದು. ಮೊದಲು ಒಣ ಕೆಮ್ಮು ಬರುತ್ತದೆ. ಆಮೇಲೆ ಎದೆಯಲ್ಲಿ ಸೀಟಿ ಶುರುವಾಗುತ್ತದೆ. ನಮ್ಮ ಡಾಕ್ಟರು ನನ್ನೊಬ್ಬಳನ್ನೇ ಕರೆದು ಒಂದು ಮಾತು ಹೇಳಿದ್ದರು: "ಸೀಟಿ ನಿಂತಿತು, ಕಡಿಮಿ ಆತು ಅಂತ ಸಮಾಧಾನ ಮಾಡ್ಕೋಬ್ಯಾಡವಾ. ಸೀಟಿ ಇದ್ದದ್ದು ಒಮ್ಮಿಂದೊಮ್ಮೆಲೆ ನಿಂತರ, ಹೊರಗ ಹೋಗಾಕ ಒಳಗ ಗಾಳೀನ ಇಲ್ಲ ಅಂತ ಅರ್ಥ. ಆವಾಗ ಓಡಿ ಬಾ." ಅಂದಿನಿಂದ ನನಗೆ ಸದ್ದಿನ ಭಯವೂ ಉಂಟು, ಸದ್ದಿಲ್ಲದ್ದರ ಭಯವೂ ಉಂಟು. ನಡುವೆ ನೆಮ್ಮದಿಗೆ ಜಾಗ ಉಳಿಯಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಹಡಗಿನಲ್ಲಿ ಕೆಲಸಕ್ಕಿದ್ದ ನಮ್ಮ ಸೋದರಮಾವನ ಮಗ ದೀಪಾವಳಿಗೆ ಬಂದವನು ಅಣ್ಣನ ಕೈಗೆ ಅಮೆರಿಕದ ಒಂದು ಬಿಳಿ ಪ್ಲಾಸ್ಟಿಕ್ ಆಟದ ಡಬ್ಬಿ ಕೊಟ್ಟ. ಅಂಗೈಗಿಂತ ಸ್ವಲ್ಪ ದೊಡ್ಡದು. ಸಣ್ಣ ರೇಡಿಯೋಕ್ಕೆ ಹಾಕುವ ಚೌಕದ ಸೆಲ್ಲು ಅದಕ್ಕೂ ಬೇಕು. ನಡುವೆ ಒಂದು ಕಿರು ಕಿಟಕಿ, ಸುತ್ತ ಗುಂಡಿಗಳು. ಚಾಲೂ ಮಾಡಿದರೆ ಕಿಟಕಿಯಲ್ಲಿ ಕೆಂಪು ಬೆಳಕಿನ ಗೀಟುಗಳು ಮೂಡುತ್ತವೆ. ಹೆಚ್ಚು ಹೊಳೆಯುವ ಗೀಟು ನಾವು; ಮಂಕಾದವು ನಮ್ಮನ್ನು ಹಿಡಿಯಲು ಬರುವವರು. ಗುಂಡಿ ಒತ್ತಿ ತಪ್ಪಿಸಿಕೊಳ್ಳುತ್ತ ಆಚೆ ತುದಿ ಮುಟ್ಟಿದರೆ ಡಬ್ಬಿ ಒಂದು ತುಣುಕು ವಾದ್ಯ ನುಡಿಸುತ್ತದೆ. ಸಿಕ್ಕಿಬಿದ್ದರೆ ಸೀಟಿ ಹೊಡೆಯುತ್ತದೆ. ಆ ಸೀಟಿ ಮೊದಲ ದಿನದಿಂದಲೇ ನನಗೆ ಸೇರಲಿಲ್ಲ.

ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಫುಟ್‌ಬಾಲ್ ಎಂದು ಬರೆದಿತ್ತು. ನಾನೇ ಓದಿ ಹೇಳಿದೆ. ಅಂಗಡಿಯ ಕಟ್ಟೆಯ ಮೇಲೆ ಕಿತ್ತೂರಿನ ಅಜ್ಜ ಒಬ್ಬರು ಕೂತಿದ್ದರು. ಹತ್ತಿ ಮಾರಲು ಬಂದಾಗಲೆಲ್ಲ ನಮ್ಮ ಕಟ್ಟೆಯೇ ಅವರ ಬೈಠಕ್ಕು. ಹರೆಯದಲ್ಲಿ ಹುತುತು, ಅಂದರೆ ಕಬಡ್ಡಿ, ಆಡಿ ಹೆಸರು ಮಾಡಿದವರು. ಅವರು ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನಕ್ಕರು.

"ಎಂಥಾ ಫುಟ್‌ಬಾಲವಾ? ಚಂಡ ಎಲ್ಲೈತಿ? ಒದಿಯಾಕ ಕಾಲ ಎಲ್ಲದಾವು? ಒಬ್ಬಾಂವ ನುಗ್ಗತಾನ, ಉಳಿದಾವ್ರು ಹಿಡೀತಾರ. ಇದು ಹುತುತು. ಅಮೇರಿಕಾದಾವ್ರು ಹೆಸರ ತಪ್ಪ ಹಾಕ್ಯಾರ."

ಅಲ್ಲಿಗೆ ಅಮೆರಿಕದ ಫುಟ್‌ಬಾಲು ಬೈಲಹೊಂಗಲದಲ್ಲಿ ಹುತುತು ಆಯಿತು. ಆದರೆ ನಮ್ಮೂರ ಬಿಸಿಲಿನಲ್ಲಿ ಆ ಕೆಂಪು ಗೀಟುಗಳು ಕಾಣುತ್ತಲೇ ಇರಲಿಲ್ಲ. ಅಜ್ಜ ಹೆಗಲ ಮೇಲಿನ ಕರಿಕಂಬಳಿ ತೆಗೆದು ತಲೆಯ ಮೇಲಿಂದ ಹೊದ್ದು ಡಬ್ಬಿಯೊಂದಿಗೆ ಒಳಗೆ ಹೋದರು. ಹೊರಬಂದಾಗ ಬೆವರು ಇಳಿಯುತ್ತಿತ್ತು, ಮುಖ ಹುಡುಗರದಾಗಿತ್ತು. ಕಂಬಳಿಯನ್ನು ನಮ್ಮ ಅಂಗಡಿಯಲ್ಲೇ ಬಿಟ್ಟುಹೋದರು. ಅವತ್ತಿನಿಂದ, ಗಡಿಯಾರ ರಿಪೇರಿಗೆ ಕೊಟ್ಟವರಿಗೆ ಕಂಬಳಿಯೊಳಗೆ ಒಂದು ಆಟ ಪುಕ್ಕಟೆ. ನಿಂತ ಗಡಿಯಾರವಿಲ್ಲದವರು ನಡೆಯುವ ಗಡಿಯಾರ ತಂದು "ಯಾಕೋ ಹಿಂದ ಬೀಳಾಕತ್ತೈತ್ರಿ" ಎನ್ನತೊಡಗಿದರು.

ಉಸಿರಿನ ಕಾಯಿದೆ ಮಾಡಿದವರೂ ಅದೇ ಅಜ್ಜ. ಹುತುತು ಎಂದಮೇಲೆ ಉಸಿರು ಹಿಡಿಯದೆ ಸುಮ್ಮನೆ ಬೆರಳು ಒತ್ತುವುದು ಎಂಥ ಆಟ ಎಂದು ಅವರ ತಕರಾರು. ಹೀಗಾಗಿ ಕಂಬಳಿಯೊಳಗೆ ಹೋದವ 'ಹುತುತುತು' ಎಂದು ಗಟ್ಟಿಯಾಗಿ ಅನ್ನುತ್ತಲೇ ಗುಂಡಿ ಒತ್ತಬೇಕು. ಉಸಿರು ಕಡಿಯಿತೋ, ಆಟ ಮುಗಿಯಿತು. ಒಂದೇ ಉಸಿರಿನಲ್ಲಿ ಯಾರ ಗೀಟು ಹೆಚ್ಚು ಸಲ ಆಚೆ ತುದಿ ಮುಟ್ಟುತ್ತದೋ ಅವನೇ ಗೆದ್ದವ. ಒಳಗೆ ಏನು ನಡೆದಿದೆ ಎಂದು ಹೊರಗಿನವರಿಗೆ ಕಾಣದ್ದರಿಂದ ಎದುರು ಪಾರ್ಟಿಯ ಒಬ್ಬ ಪಂಚನೂ ಕಂಬಳಿಯೊಳಗೇ ಕೂರಬೇಕು. ಹುತುತು ಕೇಳುತ್ತಿರುವವರೆಗೆ ಹೊರಗಿನವರು ಯಾರೂ ಕಂಬಳಿ ಮುಟ್ಟುವಂತಿಲ್ಲ. ಬಜಾರವೆಲ್ಲ ಈ ಕಾಯಿದೆಯನ್ನು ತಲೆಬಾಗಿ ಒಪ್ಪಿತು.

ಅಣ್ಣ ತಾನು ಆಡುತ್ತಿರಲಿಲ್ಲ. ಅಂಗಡಿಯ ಮಾಲಕ ಆಡಿದರೆ ಗಿರಾಕಿಗಳಿಗೆ ಜಾಗ ಎಲ್ಲಿ ಎಂದು ದೊಡ್ಡತನದ ಮಾತಾಡಿ ತಪ್ಪಿಸಿಕೊಳ್ಳುತ್ತಿದ್ದ. ನಾನು ಪರದೆಯ ಈಚೆ ದೇವರಿಗೆ ಕೈ ಮುಗಿಯುತ್ತಿದ್ದೆ. ಇನ್ನೊಂದು ಭಯ ನಮಗೆಲ್ಲರಿಗೂ ಸೇರಿ ಇತ್ತು. ಡಬ್ಬಿ ಹಡಗಿನಿಂದ ಇಳಿದ ಮಾಲು, ಅದಕ್ಕೆ ಸುಂಕ ಕಟ್ಟಿದ ಯಾವ ಪಾವತಿಯೂ ಇರಲಿಲ್ಲ. ಅಂಥ ಮಾಲಿಗಾಗಿ ಅಂಗಡಿಗಳನ್ನು ತಪಾಸಣೆ ಮಾಡಿದ ದಿನಗಳನ್ನು ಬಜಾರ ಮರೆತಿರಲಿಲ್ಲ. ಖಾಕಿ ಬಟ್ಟೆ ಕಂಡರೆ ಡಬ್ಬಿ ಹಿಟ್ಟಿನ ಡಬರಿಯೊಳಗೆ ಹೋಗುತ್ತಿತ್ತು.

ನಮ್ಮ ಎದುರಿನ ಅಂಗಡಿ ಸವದತ್ತಿಯಿಂದ ಬಂದವರದು. ರೇಡಿಯೋ, ಬ್ಯಾಟರಿ ಮಾರುತ್ತಿದ್ದರು. ಅಗಲ ಎದೆ, ರಸ್ತೆಯ ಆ ತುದಿಯವರೆಗೆ ಕೇಳುವ ದನಿ. ಊರವರಿಗೆಲ್ಲ ಅವರು ಸವದತ್ತಿಯವರು, ನಮಗೆ ಮಾತ್ರ ವೈರಿ. ನನಗೆ ಅವರ ಮೇಲೆ ಬರೀ ಸಿಟ್ಟಲ್ಲ, ಹೆದರಿಕೆ ಇತ್ತು. ಅಣ್ಣ ಒಮ್ಮೆ ಕೆಮ್ಮಿದರೆ ಸಾಕು, ಆ ಮನುಷ್ಯ ಮಾಡುತ್ತಿದ್ದ ಕೆಲಸ ಬಿಟ್ಟು ಕತ್ತೆತ್ತಿ ನಮ್ಮ ಅಂಗಡಿಯತ್ತ ನೋಡುತ್ತಿದ್ದರು. ನೆಗಡಿಯ ಸುಳ್ಳು ಇವರಿಗೆ ಗೊತ್ತಾಗಿದೆ, ಸಮಯ ನೋಡಿ ಊರ ಮುಂದೆ ಹೇಳುತ್ತಾರೆ ಎಂದು ನಾನು ಲೆಕ್ಕ ಹಾಕಿದ್ದೆ.

ಹದಿನೈದು ದಿನ ಬಜಾರವೆಲ್ಲ ನಮ್ಮ ಕಟ್ಟೆಗೆ ಬಂದದ್ದನ್ನು ನೋಡಿದ ಸವದತ್ತಿಯವರು ಮುಂಬೈಗೆ ಹೋಗಿಬಂದರು. ಬರುವಾಗ ಇನ್ನೊಂದು ಡಬ್ಬಿ ತಂದರು. ಅದೂ ಅಮೆರಿಕದ್ದೇ, ಆದರೆ ಬೇರೆ ಕಂಪನಿಯದು. ನಮ್ಮದರಲ್ಲಿ ಗೀಟು ಮುಂದಕ್ಕೆ ಓಡುತ್ತದೆ, ಮೇಲೆ ಕೆಳಗೆ ಸರಿಯುತ್ತದೆ, ಅಷ್ಟೆ. ಅವರದರಲ್ಲಿ ಸಿಕ್ಕಿಬೀಳುವ ಹೊತ್ತಿಗೆ ಇನ್ನೊಂದು ಗುಂಡಿ ಒತ್ತಿದರೆ ಮುಂದೆ ನಿಂತ ಜೊತೆಗಾರನಿಗೆ ಆಟವನ್ನೇ ದಾಟಿಸಬಹುದು. ಎರಡೇ ದಿನಕ್ಕೆ ನಮ್ಮ ಕಟ್ಟೆ ಖಾಲಿಯಾಯಿತು. ನಡೆಯುವ ಗಡಿಯಾರಗಳೆಲ್ಲ ಮತ್ತೆ ಸರಿಯಾಗಿ ನಡೆಯತೊಡಗಿದವು.

ಬಜಾರದಲ್ಲಿ ಎರಡು ಪಕ್ಷಗಳಾದವು. ಹೆಸರು ಕೂಡ ಸರಿಯಾಗಿ ಓದಲು ಬಾರದವರು "ನಮ್ಮ ಕಂಪನಿ", "ನಿಮ್ಮ ಕಂಪನಿ" ಎಂದು ಚಹಾದಂಗಡಿಯಲ್ಲಿ ಜಗಳಾಡಿದರು. ಕಿತ್ತೂರಿನ ಅಜ್ಜ ಮಾತ್ರ ನಮ್ಮ ಪಕ್ಷ ಬಿಡಲಿಲ್ಲ. ಹುತುತಿನಲ್ಲಿ ನುಗ್ಗಿದವನು ಒಬ್ಬನೇ ಹೋಗಿ ಒಬ್ಬನೇ ಬರಬೇಕು, ಜೊತೆಗಾರನಿಗೆ ದಾಟಿಸುವುದು ಹೇಡಿಗಳ ಕಂಪನಿ ಎಂದರು. ಅಣ್ಣನಿಗೆ ಆ ಮಾತು ಸಾಕಾಗಲಿಲ್ಲ. ಹಡಗಿನವನಿಗೆ ಕಾಗದ ಬರೆದ. ಉತ್ತರ ಬರುವಷ್ಟರಲ್ಲಿ ಊರಿಗೆ ಹತ್ತಿಯ ಸುಗ್ಗಿ ಬಂದಿತ್ತು. ಅಲ್ಲೂ ಆ ಎರಡು ಕಂಪನಿಗಳು ಹೀಗೇ ಹಟಕ್ಕೆ ಬಿದ್ದಿವೆ, ಇವರು ಒಂದು ಗುಂಡಿ ಹೆಚ್ಚಿಸಿದರೆ ಅವರು ಎರಡು ಹೆಚ್ಚಿಸುತ್ತಾರೆ, ನಮ್ಮ ಕಂಪನಿ ಈಗ ಹಿಂದಕ್ಕೂ ಓಡುವ ಹೊಸ ಡಬ್ಬಿ ಮಾಡಿದೆ, ಆದರೆ ತಾನು ಬರುವುದು ಮಳೆಗಾಲ ಕಳೆದಮೇಲೆ ಎಂದು ಬರೆದಿದ್ದ. ಎಲ್ಲೋ ಸಮುದ್ರದ ಆಚೆ ಯಾರೋ ಇಬ್ಬರು ಧನಿಗಳು ಹಟ ಹಿಡಿದರೆ, ಆ ಚಿಂತೆಯಲ್ಲಿ ಏದುಸಿರು ಬಂದು ನಮ್ಮಣ್ಣನ ಪಕ್ಕೆಲುಬು ಯಾಕೆ ಒಳಗೆ ಸೇದಿಕೊಳ್ಳಬೇಕು? ನನಗೆ ಆ ಕಾಗದವನ್ನು ಒಲೆಗೆ ಹಾಕಬೇಕೆನಿಸಿತು.

ಸುಗ್ಗಿ ಎಂದರೆ ನಮ್ಮೂರಿಗೆ ಹಬ್ಬ, ನಮ್ಮ ಮನೆಗೆ ಗಂಡಾಂತರ. ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಗಳು ಶುರುವಾದವೆಂದರೆ ಹತ್ತಿಯ ಎಳೆ ಗಾಳಿಯಲ್ಲಿ ತೇಲುತ್ತದೆ. ಬೀದಿಯಲ್ಲಿ, ಅಂಗಡಿಯ ಗಾಜಿನ ಮೇಲೆ, ಅನ್ನದ ತಟ್ಟೆಯಲ್ಲಿ ಅದೇ. ಅಣ್ಣ ಮೂಗಿಗೆ ವಸ್ತ್ರ ಕಟ್ಟಿಕೊಂಡು ಕೂರುತ್ತಿದ್ದ. ಕೇಳಿದವರಿಗೆ ನೆಗಡಿ. ಅಂಥ ದಿನಗಳಲ್ಲೇ ಸವದತ್ತಿಯವರು ರಸ್ತೆಯ ಆಚೆಯಿಂದ ತಮ್ಮ ದೊಡ್ಡ ದನಿಯಲ್ಲಿ ಕೂಗಿದರು.

"ಮಾಲಕ್ರ, ಮಂದೀನ್ನ ಆಡಸೂದು ಸಾಕ್ರಿ. ಕಂಪನಿ ಯಾವುದು ಖರೇ ಅಂತ ಧನಿಗಳ ತೋರಸಬೇಕು. ಸಂತಿ ದಿನ ನೀವೂ ಬರ್ರಿ, ನಾನೂ ಬರತೇನಿ. ಕಂಬಳ್ಯಾಗ ಕುಂದರೂಣು."

ಕಟ್ಟೆಯ ಮೇಲಿದ್ದವರು ಚಪ್ಪಾಳೆ ಹೊಡೆದರು. ಅಣ್ಣ ಮುಖದ ವಸ್ತ್ರ ಸರಿಸಿ, "ಆಗಲ್ರಿ" ಎಂದ. 

ಗಿರಾಕಿಗಳು ಚದುರಿದಮೇಲೆ ನಾನು ಅಣ್ಣನನ್ನು ತಡೆದೆ. "ಅಣ್ಣಾ, ಬ್ಯಾಡ. ಕಂಬಳಿ ಧೂಳ, ಹತ್ತಿ ಧೂಳ, ಮ್ಯಾಲ ಉಸರು ಹಿಡಿಯೂದು. ನಿನಗ ಆಗಂಗಿಲ್ಲ."

"ಆಗಂಗಿಲ್ಲ ಅಂತ ಹೆಂಗ ಹೇಳಲಿ? ದಮ್ಮು ಐತಿ ಅಂತ ಡಂಗುರ ಸಾರಲಿ? ಸಂಕ್ರಮಣಕ್ಕ ರಾಮದುರ್ಗದಾವ್ರು ಬರಾವ್ರದಾರ."

"ಬರಾವ್ರು ಬರಲಿ. ನೀ ಇರಬೇಕಲ್ಲ?"

ಅವನು ವಸ್ತ್ರವನ್ನು ಮತ್ತೆ ಮೂಗಿಗೆ ಕಟ್ಟಿಕೊಂಡ. ಅವ್ವನ ಹತ್ತಿರ ಹೋದೆ. ಅವ್ವ ಅಕ್ಕಿ ಆರಿಸುತ್ತ ತಲೆ ಎತ್ತದೆ, "ಒಂದ ದಿನದ್ದೈತಿ, ದೇವರ ಕಾಯತಾನ" ಎಂದಳು. ಅವಳ ಕೈ ಅಕ್ಕಿಯನ್ನೇ ತೆಗೆದು ಕಲ್ಲಿನ ಜೊತೆ ಹಾಕುತ್ತಿತ್ತು. ಅವಳಿಗೂ ಹೆದರಿಕೆ ಎಂದು ಗೊತ್ತಾಗಿ ನನ್ನ ಹೆದರಿಕೆ ಇಮ್ಮಡಿಯಾಯಿತು.

ನನಗೆ ತಿಳಿದದ್ದನ್ನು ನಾನು ಮಾಡಿದೆ. ಕಂಬಳಿಯನ್ನು ಹಿತ್ತಲಿಗೆ ಒಯ್ದು ಕೈ ಸೋಲುವವರೆಗೆ ಬಡಿದೆ. ಬಡಿದಷ್ಟೂ ಧೂಳು ಬಂತು. ತೊಳೆದು ಹಾಕಿದರೆ ಒಣಗುವಾಗ ಗಾಳಿಯಲ್ಲಿನ ಹತ್ತಿಯ ಎಳೆಯೆಲ್ಲ ಅದಕ್ಕೇ ಹತ್ತಿಕೊಂಡಿತು. ಸಂತೆಯ ದಿನ ಮುಂಜಾನೆ ಡಬ್ಬಿಯ ಸೆಲ್ಲು ತೆಗೆದು ಅರಿಷಿಣದ ಡಬ್ಬಿಯಲ್ಲಿ ಬಚ್ಚಿಟ್ಟೆ. ಸೆಲ್ಲಿಲ್ಲ ಎಂದು ಗೊತ್ತಾದಾಗ ಸವದತ್ತಿಯವರು ತಮ್ಮ ಅಂಗಡಿಯಿಂದ ಹೊಸ ಸೆಲ್ಲು ತಂದು ತಾವೇ ಹಾಕಿಕೊಟ್ಟರು. ಅವರ ಉದಾರತನಕ್ಕೆ ಬೆಂಕಿ ಬೀಳಲಿ ಎಂದು ಬೈದುಕೊಂಡೆ.

ಸಂತೆಗೆ ಬಂದವರೆಲ್ಲ ನಮ್ಮ ಅಂಗಡಿಯ ಮುಂದೆ ನೆರೆದರು. ಮೊದಲು ಸವದತ್ತಿಯವರ ಪಾಳಿ. ಅವರು ಆಡಲು, ಅಣ್ಣ ಪಂಚನಾಗಿ ಒಟ್ಟಿಗೆ ಕಂಬಳಿಯೊಳಗೆ ಹೋದರು. ಹುತುತು ಶುರುವಾಯಿತು. ಆ ದನಿ ಬಾವಿಯಿಂದ ಬಂದಂತೆ ಬರುತ್ತಲೇ ಇತ್ತು. ನಾನು ಅದನ್ನು ಕೇಳಲಿಲ್ಲ. ಅದರ ಕೆಳಗೆ ಅಣ್ಣನ ಕೆಮ್ಮು ಎಲ್ಲಿದೆ ಎಂದು ಹುಡುಕುತ್ತಿದ್ದೆ. ಡಬ್ಬಿ ತನ್ನ ವಾದ್ಯ ನುಡಿಸಿತು, ಮತ್ತೆ ನುಡಿಸಿತು, ಕೊನೆಗೆ ಉಸಿರು ಕಡಿಯಿತು. ಕಂಬಳಿ ಸರಿದಾಗ ಅಣ್ಣನ ಕಣ್ಣು ಕೆಂಪಾಗಿದ್ದವು. ಆಡುವ ಮೊದಲೇ ಅವನ ಎದೆ ಸೀಟಿ ಹೊಡೆಯುತ್ತಿತ್ತು. ನೆರೆದ ಗದ್ದಲದಲ್ಲಿ ಅದು ಕೇಳಿದ್ದು ನನಗೊಬ್ಬಳಿಗೆ ಎಂದುಕೊಂಡಿದ್ದೆ.

ಇನ್ನು ಅಣ್ಣನ ಪಾಳಿ. ನಮ್ಮ ಬಿಳಿ ಡಬ್ಬಿ ಹಿಡಿದು ಅವನು ಒಳಗೆ ಹೋದ. ಪಂಚರಾಗಿ ಸವದತ್ತಿಯವರು ಹೋದರು. ಕಂಬಳಿಯ ಅಂಚನ್ನು ಕಿತ್ತೂರಿನ ಅಜ್ಜ ತಾವೇ ಸುತ್ತ ಒತ್ತಿ, ಬೆಳಕು ನುಸುಳದಂತೆ ಮುಚ್ಚಿದರು. ಬೆಳಕು ನುಸುಳದ ಕಡೆ ಗಾಳಿ ಎಲ್ಲಿಂದ ನುಸುಳಬೇಕು? ನಾನು ಹೊಸ್ತಿಲ ಮೇಲೆ ಚೌಕಟ್ಟು ಹಿಡಿದು ನಿಂತಿದ್ದೆ.

"ಹುತುತುತುತು" ಎಂದು ಅಣ್ಣ ಶುರುಮಾಡಿದ. ತೆಳ್ಳಗಿನ ದನಿ. ಡಬ್ಬಿ ಟಿಕ್ಕೆನ್ನುತ್ತಿತ್ತು. ದನಿ ಸವೆಯುತ್ತ ಬಂತು, ಅದರ ತಳದಲ್ಲಿ ಸೀಟಿ ಏರುತ್ತ ಬಂತು. ನಾನು ಮನಸ್ಸಿನಲ್ಲೇ ಬೇಡಿಕೊಂಡೆ: ಸೋತುಬಿಡು ಅಣ್ಣಾ, ಉಸಿರು ಬಿಟ್ಟುಬಿಡು. ಅವನು ಬಿಡಲಿಲ್ಲ. ಸೀಟಿ ಇನ್ನೂ ಏರಿತು. ಆಮೇಲೆ ನಿಂತಿತು.

ಸೀಟಿ ನಿಂತಿತ್ತು, ಹುತುತು ಮಾತ್ರ ನಿಂತಿರಲಿಲ್ಲ.

ಕಂಬಳಿಯೊಳಗಿಂದ ಅದು ಇನ್ನೂ ಬರುತ್ತಿತ್ತು, ಮೊದಲಿಗಿಂತ ಗಟ್ಟಿಯಾಗಿ. ಮಂದಿ ಕುಣಿಯತೊಡಗಿದರು. "ಏನ ಉಸರೋ ಮಾರಾಯ!" ಎಂದು ಯಾರೋ ಕೂಗಿದರು. ಡಬ್ಬಿ ವಾದ್ಯ ನುಡಿಸಿತು, ಇನ್ನೊಮ್ಮೆ ನುಡಿಸಿತು, ಮೂರನೆಯ ಸಲವೂ ನುಡಿಸಿತು.  ಅದು ಅಣ್ಣನ ದನಿಯಲ್ಲ. ದಪ್ಪ ಕಂಬಳಿಯೊಳಗಿನ ದನಿಯ ಗುರುತು ಮಂದಿಗೆ ಹತ್ತಿರಲಿಲ್ಲ. ಹುಟ್ಟಿದಾಗಿನಿಂದ ಕೇಳುತ್ತ ಬಂದ ಉಸಿರು ನನಗೆ ಗೊತ್ತಿಲ್ಲವೇ? ಹುತುತು ಅನ್ನುತ್ತಿದ್ದವರು ಸವದತ್ತಿಯವರು. ಹಾಗಾದರೆ ಅಣ್ಣ ಏನು ಮಾಡುತ್ತಿದ್ದಾನೆ? ಒಳಗೆ ಅವನಿಗೆ ಏನಾಗಿದೆ? ಈ ಮನುಷ್ಯ ಅದನ್ನು ಯಾಕೆ ಮುಚ್ಚಿಡುತ್ತಿದ್ದಾರೆ? ಅಪ್ಪನ ಬಾಗಿದ ಬೆನ್ನು ನನ್ನ ಕಣ್ಣ ಮುಂದೆ ಬಂತು. ಹುತುತು ಕೇಳುತ್ತಿರುವವರೆಗೆ ಕಂಬಳಿ ಯಾರೂ ಮುಟ್ಟುವುದಿಲ್ಲ. ನಾನು ಕೂಗಿದರೂ ಆ ಗದ್ದಲದಲ್ಲಿ ಯಾರೂ ದಾರಿ ಬಿಡುವುದಿಲ್ಲ.

ಬಾಯಿಗೆ ಬಂದದ್ದನ್ನು ಕೂಗಿದೆ. "ಪೊಲೀಸ್ರು ಬಂದ್ರು! ತಪಾಸಣಿಗೆ ಬಂದ್ರು!"

ಅಷ್ಟೊಂದು ಮಂದಿ ಎತ್ತ ಹೋದರೋ. ಚಪ್ಪಲಿಗಳು ಉಳಿದವು, ಯಾರದೋ ಕಾಯಿಪಲ್ಲೆಯ ಚೀಲ ಉಳಿಯಿತು. ಕಿತ್ತೂರಿನ ಅಜ್ಜ ಕೂಡ ಆ ವಯಸ್ಸಿನಲ್ಲಿ ಓಟ ಕಿತ್ತರು. ಖಾಲಿ ಕಟ್ಟೆಯ ಮೇಲೆ ಕಂಬಳಿಯೊಂದೇ ಕೂತು ಹುತುತು ಅನ್ನುತ್ತಿತ್ತು. ನಾನು ಅದನ್ನು ಕಿತ್ತೆಸೆದೆ.

ಸವದತ್ತಿಯವರು ಎಡಗೈಯಿಂದ ಅಣ್ಣನನ್ನು ತಮ್ಮ ಎದೆಗೆ ಒರಗಿಸಿ ನೆಟ್ಟಗೆ ಹಿಡಿದಿದ್ದರು. ಬಲಗೈಯಲ್ಲಿ ನಮ್ಮ ಡಬ್ಬಿ. ತಾವು ಎಂದೂ ಮುಟ್ಟಿರದ ಎದುರು ಕಂಪನಿಯ ಡಬ್ಬಿಯ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತುತ್ತಲೇ ಇದ್ದರು. ಬೆಳಕು ಬಿದ್ದರೂ ತಿಳಿಯದೆ ಇನ್ನೂ ಹುತುತು ಅನ್ನುತ್ತಿದ್ದರು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಅಣ್ಣನ ತುಟಿ ನೀಲಿಯಾಗಿತ್ತು. ಬಾಯಿ ತೆರೆದಿತ್ತು, ಎದೆ ಏಳುತ್ತಿರಲಿಲ್ಲ.

ಅವರು ಅಣ್ಣನನ್ನು ಮಗುವಿನ ಹಾಗೆ ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಓಡಿದರು. ನಾನು ಬರಿಗಾಲಲ್ಲಿ ಹಿಂದೆ ಓಡಿದೆ. ಡಾಕ್ಟರು ನರಕ್ಕೆ ಸೂಜಿ ಚುಚ್ಚಿ, ಔಷಧವನ್ನು ಒಂದಿಷ್ಟೂ ಅವಸರವಿಲ್ಲದೆ ಒಳಗೆ ಬಿಟ್ಟರು. ಆ ನಿಧಾನಕ್ಕೆ ನನಗೆ ಹುಚ್ಚು ಹಿಡಿಯುವಂತಾಯಿತು. ಗೋಡೆಗೆ ಆತು ನಿಂತು ಸೀಟಿಗಾಗಿ ಕಾದೆ. ಇಷ್ಟು ವರ್ಷ ಯಾವುದನ್ನು ಕೇಳಿ ನಡುಗಿದ್ದೆನೋ ಅದೇ ಸದ್ದನ್ನು ಒಮ್ಮೆ ಕೇಳಿಸಪ್ಪಾ ಎಂದು ಬೇಡಿಕೊಂಡೆ. ಎಷ್ಟೋ ಹೊತ್ತಿನ ಮೇಲೆ ಅಣ್ಣನ ಎದೆಯ ಆಳದಲ್ಲಿ ಸಣ್ಣಗೆ ಸೀಟಿ ಶುರುವಾಯಿತು. ನಾನು ಅಲ್ಲೇ ಕುಸಿದು ಕೂತು ಅತ್ತೆ.

ಹೊರಗಿನ ಬೆಂಚಿನ ಮೇಲೆ ಸವದತ್ತಿಯವರು ಕೂತಿದ್ದರು. ನಾನು ಕೃತಜ್ಞತೆ ಹೇಳಲಿಲ್ಲ, ಅವರ ಮೇಲೆ ಹರಿಹಾಯ್ದೆ.

"ಕಂಬಳಿ ಯಾಕ ತೆಗೀಲಿಲ್ರಿ? ಸಾಯತಿದ್ದಾ ನಮ್ಮಣ್ಣ!"

ಅವರು ದನಿ ಇಳಿಸಿ ಮಾತಾಡಿದ್ದನ್ನು ಅಂದೇ ಮೊದಲು ಕೇಳಿದ್ದು. "ನಮ್ಮವ್ವಗೂ ಇತ್ತವಾ, ಹಿಂಗ. ಆಕಿ ಕೆಮ್ಮು ಕೇಳಿ ಬೆಳದಾಂವ ನಾನು, ನಿಮ್ಮಣ್ಣ ಕೆಮ್ಮಿದರ ಅದ ಅಂತ ಸಂಶೇ ಇತ್ತು. ಖರೇ ಅಂತ ಒಳಗ ಕುಂತಾಗ ತಿಳೀತು. ಆಟ ನಿಂದರಸ್ರಿ ಅಂದೆ. ಅಂವ ನನ್ನ ಕೈ ಗಟ್ಟಿ ಹಿಡದು, ತೆಗೀಬ್ಯಾಡ್ರಿ, ಮಂದಿ ನೋಡ್ತಾರ ಅಂದಾ. ಒಂದ ಚಣ ತಡದರ ಸುಧಾರಸ್ತಾನ ಅಂತ ಮಾಡಿದ್ದೆ. ಆಟದ ಸಪ್ಪಳ ನಿಂತರ ಮಂದಿ ಕಂಬಳಿ ತೆಗೀತಾರಲ್ಲ."

ಒಬ್ಬ ಮಾನಕ್ಕಾಗಿ ಉಸಿರು ಬಿಗಿಹಿಡಿದ, ಇನ್ನೊಬ್ಬರು ಅವನ ಮಾನ ಕಾಯಲು ತಮ್ಮ ಉಸಿರು ಕೊಟ್ಟರು. ಪ್ರಾಣ ಕಾಯುವ ಯೋಚನೆ ಇಬ್ಬರಿಗೂ ಬರಲಿಲ್ಲ. ಅವರ ಒಳ್ಳೆಯತನಕ್ಕೆ ನನಗೆ ಅಳು ಬಂತು, ಅವರ ದಡ್ಡತನಕ್ಕೆ ಸಿಟ್ಟು ಬಂತು. ಎರಡೂ ಒಟ್ಟಿಗೆ ಬಂದಾಗ ಅಣ್ಣನ ಹತ್ತಿರ ಒಳಗೆ ಹೋದೆ.

ಪೊಲೀಸರು ಬಂದಿರಲೇ ಇಲ್ಲ ಎಂದು ಊರಿಗೆ ಆಮೇಲೆ ತಿಳಿಯಿತು. ಆದರೆ ಅಷ್ಟರಲ್ಲಿ ಬಜಾರ ತೀರ್ಪು ಕೊಟ್ಟಾಗಿತ್ತು: ಗೆದ್ದದ್ದು ನಮ್ಮ ಕಂಪನಿ. ಮಂದಿ ಓಡುವಾಗಲೂ ಅಣ್ಣನ ಹುತುತು ಕೇಳುತ್ತಲೇ ಇತ್ತಂತೆ. ಕಟ್ಟೆ ಮತ್ತೆ ತುಂಬಿತು. ಎದುರಂಗಡಿ ಖಾಲಿಯಾಯಿತು. ಹುಡುಗರು ಸವದತ್ತಿಯವರನ್ನು ನೋಡಿ, "ಉಸರ ಸಾಲಲಿಲ್ಲೇನ್ರಿ?" ಎಂದು ಕಾಡಿಸಿದರು. ಅವರು ನಗುತ್ತಿದ್ದರು. ತಮ್ಮ ಉಸಿರಿಗೆ ತಾವೇ ಸೋತವರು ಮತ್ತೇನು ಮಾಡಬೇಕು?

ನನಗೆ ಹೆದರಿಕೆ ಹುಟ್ಟಿದ್ದು ಅಣ್ಣನನ್ನು ನೋಡಿ. ಮೊದಲ ದಿನಗಳಲ್ಲಿ ಹೊಗಳಿಕೆ ಬಂದಾಗ ಅವನು ತಲೆ ತಗ್ಗಿಸುತ್ತಿದ್ದ. ಆಮೇಲೆ ಮುಗುಳ್ನಕ್ಕ. ಹೊಗಳಿಕೆ ಕೇಳಿ ಕೇಳಿ, ಅರ್ಧ ಉಸಿರು ತನ್ನದೇ ಇದ್ದೀತು ಎಂದು ನಂಬುವ ಹಂತಕ್ಕೆ ಬಂದ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಕಂಬಳಿ ಹೊದ್ದು ಮೆಲ್ಲಗೆ ಹುತುತು ಅನ್ನುತ್ತಿದ್ದ. ನಾನು ಪರದೆ ಸರಿಸಿದೆ. ಕಳ್ಳತನದಲ್ಲಿ ಸಿಕ್ಕವನಂತೆ ಅವನು ಕಂಬಳಿ ಮಡಿಚಿಟ್ಟ.

ಸಂಕ್ರಮಣದ ದಿನ ರಾಮದುರ್ಗದವರು ಬಂದರು. ಹುಡುಗಿಯ ತಂದೆ, ಅವರ ತಮ್ಮ, ಇಬ್ಬರು ಹೆಣ್ಣುಮಕ್ಕಳು. ಅವ್ವ ಗೋಧಿ, ಬೆಲ್ಲದ ಮಾದ್ಲಿ ಮಾಡಿದ್ದಳು. ಊಟವಾಯಿತು, ಮಾತಾಯಿತು. ಹುಡುಗಿಯ ತಂದೆ ಎಲೆಗೆ ಸುಣ್ಣ ಹಚ್ಚುತ್ತ ಅಣ್ಣನತ್ತ ತಿರುಗಿದರು.

"ನಿಮ್ಮ ಉಸರಿನ ಸುದ್ದಿ ಮಲಪ್ರಭಾ ದಾಟಿ ನಮ್ಮೂರಿಗೂ ಬಂದೈತ್ರಿ. ನಾನೂ ಹುತುತು ಆಡಿದಾಂವ. ಒಂದೀಟು ತೋರಸ್ರೆಲ್ಲ."

ಅಣ್ಣ ನನ್ನ ಕಡೆ ನೋಡಲಿಲ್ಲ. ಎದ್ದು ಕಪಾಟಿನಿಂದ ಕಂಬಳಿ ತೆಗೆದ. ಅವ್ವ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ಅದೇ ಹೊತ್ತಿಗೆ ಸವದತ್ತಿಯವರು ಹಬ್ಬದ ಕುಸರೆಳ್ಳು ಕೊಡಲು ಬಂದು ಹೊಸ್ತಿಲಲ್ಲಿ ನಿಂತಿದ್ದರು. ಕಂಬಳಿ ನೋಡಿ ಅವರ ಮುಖ ಬಿಳಿಚಿತು. ಮನೆಯ ತುಂಬ ಮಂದಿ, ಒಬ್ಬರೂ ಬಾಯಿ ಬಿಡಲಿಲ್ಲ. ಅಪ್ಪ ಸತ್ತ ದಿನವೂ ಹೀಗೇ ಎಲ್ಲರೂ ಸುಮ್ಮನಿದ್ದರು ಎಂದು ನೆನಪಾಯಿತು.  ನನ್ನ ಬಾಯಿಂದ ಮಾತು ಹೊರಬಂತು.

"ನಮ್ಮಣ್ಣಗ ದಮ್ಮು ಐತ್ರಿ. ನೀವು ಸುದ್ದಿ ಕೇಳೀರಲ್ಲ, ಆವತ್ತಿನ ಆ ಉಸರು ಇವನದಲ್ಲ. ಅಲ್ಲಿ ನಿಂತಾರಲ್ಲ, ಅವರದು."

ಸವದತ್ತಿಯವರು ಆಗಲೂ ಅದನ್ನು ತಮಾಷೆಯಾಗಿಸಿ ಸುಧಾರಿಸಲು ನೋಡಿದರು. "ಇಲ್ರಿ, ತಂಗಿ ಚಾಷ್ಟಿ ಮಾಡಾಕತ್ತಾಳ..."

"ಚಾಷ್ಟಿ ಅಲ್ರಿ! ನಮ್ಮಪ್ಪ ಮಂದಿ ಮುಂದ ಬಾಯಿ ಮುಚಗೊಂಡ ಕುಂತು ಸತ್ತ. ಇಂವ ಹಂಗ ಸಾಯೂದು ಬ್ಯಾಡ. ನೀವು ಹೆಣ್ಣ ಕೊಡ್ರಿ, ಬಿಡ್ರಿ. ಕಂಬಳಿ ಮಾತ್ರ ನಾ ಹೊದಸಗೊಡಂಗಿಲ್ಲ."

ಅಣ್ಣನ ಕೈಯಿಂದ ಕಂಬಳಿ ಕಸಿದುಕೊಂಡೆ. ಅವನು ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ. ರಾಮದುರ್ಗದವರು ದೊಡ್ಡವರು, ಕಟುವಾಗಿ ಏನೂ ಅನ್ನಲಿಲ್ಲ. ಚಹಾ ಕುಡಿದರು, ಬಸ್ಸಿನ ಹೊತ್ತಾಯಿತು ಎಂದು ಎದ್ದರು. ಆಮೇಲೆ ಅವರ ಕಡೆಯಿಂದ ಯಾವ ಸುದ್ದಿಯೂ ಬರಲಿಲ್ಲ.

ಅಣ್ಣ ನನ್ನ ಜೊತೆ ಮಾತು ಬಿಟ್ಟ. ತಟ್ಟೆ ಇಟ್ಟರೆ ಉಂಡು ಏಳುತ್ತಿದ್ದ. ಬಜಾರಕ್ಕೆ ಸುದ್ದಿ ಹಬ್ಬಿತು. ಒಂದೆರಡು ದಿನ ಮಂದಿ ನಮ್ಮ ಅಂಗಡಿಯ ಮುಂದೆ ಮೆಲ್ಲಗೆ ನಡೆದರು, ಒಳಗೆ ಇಣುಕಿದರು. ಕಿತ್ತೂರಿನ ಅಜ್ಜ ಬಂದು ತಮ್ಮ ಕಂಬಳಿ ಹೆಗಲಿಗೆ ಹಾಕಿಕೊಂಡು, ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟರು. ಬಿಳಿ ಡಬ್ಬಿ ಕಪಾಟು ಸೇರಿತು. ನಾನು ಪರದೆಯ ಈಚೆ ಕೂತು ಮೊದಲಿನಂತೆ ಕೇಳುತ್ತಿದ್ದೆ. ಮಾತಾಡದ ಅಣ್ಣನ ಉಸಿರನ್ನು ಕೇಳುವುದು ಇನ್ನೂ ಕಷ್ಟ. ಕಾಯಿಲೆ ಬಂದರೆ ಈ ಹಟದಲ್ಲಿ ನನ್ನನ್ನು ಕರೆಯುವುದೇ ಇಲ್ಲವೇನೋ ಎಂಬ ಭಯ ಹಗಲೆಲ್ಲ ಕಾಡಿತು.

ಹೋಳಿಹುಣ್ಣಿಮೆ ಹತ್ತಿರ ಬಂದಿತ್ತು. ಸುಗ್ಗಿಯ ಕೊನೆಯ ಹತ್ತಿ ಊರಿಗೆ ಬರುತ್ತಿತ್ತು. ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಪರದೆಯ ಆಚೆ ಒಣ ಕೆಮ್ಮು ಕೇಳಿಸಿತು, ಹಿಂದೆಯೇ ಸೀಟಿ. ನಾನು ಎದ್ದು ನಿಂತೆ, ಆದರೆ ಪರದೆ ಸರಿಸಲು ಕೈ ಬರಲಿಲ್ಲ. ಮಂದಿಯ ಮುಂದೆ ನಾನು ಮತ್ತೆ ಹೋದರೆ ಅವನು ಜನ್ಮದಲ್ಲಿ ಮಾತಾಡಲಾರ. ಸೀಟಿ ಏರಿತು. ಕುರ್ಚಿ ಕಿರುಗುಟ್ಟಿತು. ಅವನು ಬಾಗುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು, ಅಪ್ಪ ಬಾಗಿದ ಹಾಗೆಯೇ.

"ತಂಗೀ" ಎಂದ ಅಣ್ಣ. ದನಿ ಹರಿದಿತ್ತು. ಇನ್ನೊಮ್ಮೆ ಗಾಳಿ ಎಳೆದುಕೊಂಡು, ಗಿರಾಕಿಗಳಿಗೆಲ್ಲ ಕೇಳುವಂತೆ ಕೂಗಿದ. "ತಂಗೀ, ಬಾ. ನನಗ ದಮ್ಮು ಬಂದೈತಿ."

ಪರದೆ ಹರಿದೇ ಹೋಯಿತು, ನಾನು ಎಳೆದ ರಭಸಕ್ಕೆ. ಗಿರಾಕಿಗಳು ಗಾಳಿಗೆ ದಾರಿ ಬಿಟ್ಟು ಸರಿದು ನಿಂತಿದ್ದರು. ಒಬ್ಬರು ಡಾಕ್ಟರ ಕಡೆ ಓಡಿಯಾಗಿತ್ತು. ಸವದತ್ತಿಯವರು ತಮ್ಮ ಕಂಪನಿಯ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ರಸ್ತೆ ದಾಟಿ ಬರುತ್ತಿದ್ದರು. ನಾನು ಅಣ್ಣನ ಬೆನ್ನು ನೆಟ್ಟಗೆ ಮಾಡಿ ಹಿಡಿದುಕೊಂಡೆ.  ಅಪ್ಪ ಒಮ್ಮೆಯೂ ನಮ್ಮನ್ನು ಹಾಗೆ ಕರೆದಿರಲಿಲ್ಲ.